ಗಾಂಧಾರದವರನ್ನು ನಂಬುವುದು ಹೇಗೆ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಮೀಸೆಯಿರುವ ಬುದ್ಧನೊಬ್ಬ ಅಂಟಿಕೊಂಡಿದ್ದಾನೆ. ಹೆಬ್ಬೆರಳಿನಷ್ಟು ಗಾತ್ರ, ಬೆನ್ನಿಗೆ ಅಯಸ್ಕಾಂತ. ಹಾಲು ತೆಗೆಯಲು ಹೋದಾಗಲೆಲ್ಲ ಅವನ ಮುಖ ಸರಿಯಾಗಿ ನನ್ನ ಮುಖದ ಮಟ್ಟಕ್ಕೆ ಬರುತ್ತದೆ. ಬುದ್ಧನಿಗೆ ಮೀಸೆ ಇರುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ನೋಡಿರಲಿಲ್ಲ. ತುಟಿಯ ಮೇಲೆ ತೆಳ್ಳಗೆ ಎಳೆದು ತುದಿಯಲ್ಲಿ ತುಸು ಮೇಲಕ್ಕೆ ತಿರುವಿದ ಮೀಸೆ; ನಮ್ಮ ಕಡೆಯ ಹಳೆಯ ಗೌಡರ ಫೋಟೊಗಳಲ್ಲಿ ಇರುತ್ತದಲ್ಲ, ಅಂಥದು. ಅದರ ಕೆಳಗೊಂದು ನಗೆ. ಆ ನಗೆ ಮೊದಲ ದಿನದಿಂದಲೂ ನನಗೆ ಸರಿಬರಲಿಲ್ಲ. ಎಲ್ಲ ಗೊತ್ತಿದ್ದೂ ಬಾಯಿ ಬಿಡದವರು ಹಾಗೆ ನಗುತ್ತಾರೆ.

"ಅಕ್ಕಾ, ಅಂವ ಬುದ್ಧ ಅಲ್ಲ, ಬೋಧಿಸತ್ವ. ಬುದ್ಧ ಆಗೂಕಿಂತ ಮೊದಲಿನಂವ," ಎಂದು ತಿದ್ದಿದವನು ಅದನ್ನು ತಂದು ಅಂಟಿಸಿದ ನನ್ನ ತಮ್ಮ ಶ್ರೀಪಾದ. "ಗಾಂಧಾರದ ಶಿಲ್ಪ ಅದು. ಗ್ರೀಕರು ಬಂದು ಹೋದ ಮ್ಯಾಲೆ ಅಲ್ಲಿ ಕಲ್ಲಿಗೂ ಮೀಸಿ ಬಂತು."

"ಗಾಂಧಾರ ಅಂದ್ರ ಶಕುನಿ ಊರಲ್ಲಾ?"

"ಹೂಂ, ಅದ."

ನಾನು ಹಾಲು ತೆಗೆದುಕೊಂಡು ಫ್ರಿಜ್ಜಿನ ಬಾಗಿಲು ಮುಚ್ಚಿದೆ. ನನಗೆ ಅಷ್ಟು ಸಾಕಾಗಿತ್ತು.

ಸಂಶಯ ನನಗೆ ಅಜ್ಜಿಯಿಂದ, ಅಪ್ಪನ ಅಮ್ಮನಿಂದ, ಬಂದದ್ದು. ಬೇರೆಯವರಿಗೆ ಅಜ್ಜಿಯಿಂದ ಬುಗುಡಿ, ಬಿಲ್ವಾರದಂಥ ಒಡವೆಗಳು ಬರುತ್ತವೆ. ಧಾರವಾಡದ ನಮ್ಮ ಮನೆಯ ಅಡಿಗೆ ಮನೆಯಲ್ಲಿ ಅಜ್ಜಿ ಸಕ್ಕರೆ ಡಬ್ಬಿ ಮುಚ್ಚುವ ಮೊದಲು ಸಕ್ಕರೆಯ ಮೇಲೆ ತೋರುಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಮುಂದಿನ ಸಲ ತೆರೆದಾಗ ಗೆರೆ ಅಲ್ಲೇ ಇರಬೇಕು. ಇಲ್ಲದಿದ್ದರೆ ವಿಚಾರಣೆ. ಅಮ್ಮನ ತಮ್ಮ ನಾರಾಯಣಮಾಮಾ ಮಳೆಗಾಲಕ್ಕೆ ಬಂದವನು ದಸರೆ ಮುಗಿದರೂ ಹೊರಡುತ್ತಿರಲಿಲ್ಲ. ಅವನಿದ್ದಷ್ಟು ದಿನವೂ ಗೆರೆ ಕೆಡುತ್ತಿತ್ತು. ಅಜ್ಜಿ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ದೇವರ ಕಡೆ ಮುಖ ಮಾಡಿ, "ಗಾಂಧಾರದಿಂದ ಬಂದವರು ಬಂದ ಕೆಲಸ ಮುಗಿಸಿಕೊಂಡ ಹೋಗತಾರ," ಎನ್ನುವಳು. ಒಳಗೆ ಅಮ್ಮ ರುಬ್ಬುಗುಂಡನ್ನು ಜೋರಾಗಿ ತಿರುವುತ್ತಿದ್ದಳು. ಶಕುನಿ ಅಕ್ಕನ ಮನೆಗೆ ಬಂದು ನೆಲೆನಿಂತವನು ಎಂಬುದು ನನಗೆ ತಿಳಿದದ್ದು ಹೀಗೆ. ಕುರುಕ್ಷೇತ್ರದ ಸಂಗತಿಯೆಲ್ಲ ಆಮೇಲೆ ತಿಳಿಯಿತು.

"ಗಾಂಧಾರ ಎಲ್ಲೆ ಅದ ಅಜ್ಜಿ?" ಎಂದು ಕೇಳಿದ್ದೆ.

"ಹುಬ್ಬಳ್ಳಿ ಆಚೀಕಡೆ."

ಹುಬ್ಬಳ್ಳಿಯ ಆಚೆಗೆ ಇರುವುದೆಲ್ಲ ಅಜ್ಜಿಗೆ ಗಾಂಧಾರವೇ. ಆ ಲೆಕ್ಕದಲ್ಲಿ ನಾನು ಮದುವೆಯಾದ ಮೈಸೂರೂ ಗಾಂಧಾರ, ಈಗ ಬಂದು ಬಿದ್ದಿರುವ ಲಂಡನ್ನಿನ ಈ ಕಿಂಗ್ಸ್‌ಬರಿಯೂ ಗಾಂಧಾರ. ಸಕ್ಕರೆ ತಿಂದದ್ದು ಮಾತ್ರ ನಿಜವಾಗಿಯೂ ನಾರಾಯಣಮಾಮಾನೇ. ಅವನ ಮದುವೆಯಲ್ಲಿ ಅವನೇ ನಗುತ್ತ ಒಪ್ಪಿಕೊಂಡ. ಸಂಶಯದ ರೋಗ ವಾಸಿಯಾಗದಿರುವುದು ಇದರಿಂದಲೇ ನೋಡಿ: ಆಗೀಗ ಅದು ಖರೆಯಾಗಿಬಿಡುತ್ತದೆ. ನಾನು ಈಗಲೂ ಸಕ್ಕರೆಯ ಮೇಲೆ ಗೆರೆ ಎಳೆಯುತ್ತೇನೆ. ಮಗಳು ಕೆಲಸ ಹಿಡಿದು ಮ್ಯಾಂಚೆಸ್ಟರಿಗೆ ಹೋದ ಮೇಲೆ ಈ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ನಾವಿಬ್ಬರೇ. ನಮ್ಮವರು ಚಹಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಆದರೂ ಎಳೆಯುತ್ತೇನೆ.

ಶ್ರೀಪಾದ ಬಂದದ್ದು ಏಪ್ರಿಲ್‌ನಲ್ಲಿ, ವಿಸಿಟರ್ ವೀಸಾದ ಮೇಲೆ. ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವನು ಅವಧಿಗೆ ಮೊದಲೇ ಸ್ವಯಂನಿವೃತ್ತಿ ತೆಗೆದುಕೊಂಡಿದ್ದ. ಮದುವೆಯ ಗೊಡವೆಗೆ ಹೋಗಲಿಲ್ಲ. ನಮ್ಮವರು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದು ಕಳೆದ ವರ್ಷ ನಿವೃತ್ತರಾದರು. ಏರ್‌ಪೋರ್ಟಿನಲ್ಲಿ ಅವನ ಟ್ರಾಲಿ ಕಂಡ ಕೂಡಲೇ ಅವರು, "ಬಾರಪ್ಪ ಶಕುನಿಮಾಮ. ಎಷ್ಟು ದಿನದ ಪ್ಲಾನು?" ಎಂದರು.

"ನಿಮ್ಮ ರಾಜ್ಯ ಮುಳುಗೂತನಕ, ಭಾವಾ," ಎಂದ ಇವನು.

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಅಮ್ಮ ರುಬ್ಬುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಹಾಗೇ ಇತ್ತು.

ಅವರಿಬ್ಬರಿಗೂ ಎಂದೂ ಹೊಂದಿದ್ದೇ ಇಲ್ಲ. ನಮ್ಮವರು ಮೈಸೂರಿನವರು, ಅನ್ನವನ್ನೂ ಅಳತೆ ಮಾಡಿ ಬಡಿಸಿಕೊಳ್ಳುವಂಥವರು, ಮಾತನ್ನೂ. ಶ್ರೀಪಾದನಿಗೆ ಎದುರಿಗೆ ಒಬ್ಬ ಮನುಷ್ಯ, ಕೈಯಲ್ಲೊಂದು ರೊಟ್ಟಿ ಇದ್ದರೆ ಅದೇ ತರಗತಿ. ಅವನು ಜೀವಮಾನವೆಲ್ಲ ಓದಿದ್ದು ಗಾಂಧಾರದ ಚರಿತ್ರೆ. ಊಟಕ್ಕೆ ಕೂತರೆ ಸಾಕು, ಒಬ್ಬೊಬ್ಬರಾಗಿ ಗಾಂಧಾರದವರು ನಮ್ಮ ಟೇಬಲ್ಲಿಗೆ ಬರುತ್ತಿದ್ದರು. ಶ್ರೀರಾಮನ ತಮ್ಮ ಭರತನ ಮಕ್ಕಳು ಅಲ್ಲಿ ಹೋಗಿ ಊರು ಕಟ್ಟಿದರಂತೆ. ತಕ್ಷನ ಹೆಸರಿನಲ್ಲಿ ತಕ್ಷಶಿಲೆ. ಆ ತಕ್ಷಶಿಲೆಯ ರಾಜ ಅಂಭಿ, ಪಕ್ಕದ ರಾಜನ ಮೇಲಿನ ಸಿಟ್ಟಿಗೆ ಅಲೆಕ್ಸಾಂಡರನಿಗೆ ಊರಬಾಗಿಲನ್ನೇ ತೆರೆದುಕೊಟ್ಟ. ಅದೇ ಊರಿನಲ್ಲಿ ಪಾಠ ಹೇಳಿದವನು ಚಾಣಕ್ಯ ಎನ್ನುತ್ತಾರೆ. ಸ್ವಂತ ನೆರಳನ್ನೂ ಎರಡು ಸಲ ನೋಡುತ್ತಿದ್ದವನು.

"ಒಟ್ಟಿನಲ್ಲಿ ಒಬ್ಬನಾದ್ರೂ ನೆಟ್ಟಗಿದ್ನೇನಯ್ಯಾ ನಿಮ್ಮ ಊರಲ್ಲಿ?" ಎನ್ನುವರು ನಮ್ಮವರು.

"ಜೀವಕ ಇದ್ದನಲ್ಲ. ನಿಮ್ಮ ಹಂಗ ಡಾಕ್ಟರ್. ತಕ್ಷಶಿಲೆಯೊಳಗ ಕಲಿತು ಬುದ್ಧನಿಗೇ ಔಷಧ ಕೊಟ್ಟಂವ. ಗುರು ಅವನ್ನ ಕಳಿಸಿ, ಔಷಧಕ್ಕ ಬಾರದ ಗಿಡ ಒಂದಾದ್ರೂ ತಗೊಂಡ ಬಾ ಅಂದ. ಸುತ್ತಿ ಸುತ್ತಿ ಬರಿಗೈಲೆ ಬಂದ. ಅಂಥದು ಒಂದೂ ಸಿಗಲಿಲ್ಲ ಅಂತ."

"ಅವನು ಅಲ್ಲಿ ಬರೀ ಓದಕ್ಕೆ ಹೋಗಿದ್ದ. ಹುಟ್ಟಿದ್ದು ಬೇರೆ ಕಡೆ," ಎಂದರು ನಮ್ಮವರು, ಜೀವಕನನ್ನು ತಮ್ಮ ಕಡೆಗೆ ಎಳೆದುಕೊಂಡು. ಅಷ್ಟು ಅವರಿಗೂ ಗೊತ್ತಿತ್ತು.

ನನಗೆ ಈ ಎಲ್ಲರಲ್ಲಿ ಅರ್ಥವಾದವನು ಚಾಣಕ್ಯ ಒಬ್ಬನೇ. ಅವನು ಇವತ್ತು ಇದ್ದಿದ್ದರೆ ಅವನೂ ಸಕ್ಕರೆಯ ಮೇಲೆ ಗೆರೆ ಎಳೆಯುತ್ತಿದ್ದ.

ಸಂಜೆ ಚೌಕಾಬಾರ. ಪಾರ್ಸೆಲ್ ಬಂದ ರಟ್ಟನ್ನು ಹರಡಿ ಶ್ರೀಪಾದ ಮನೆಗಳನ್ನು ಬರೆದ. ಕವಡೆ ನನ್ನ ದೇವರ ಪೆಟ್ಟಿಗೆಯವು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ ಎಂಬುದು ನಿಮಗೆ ಗೊತ್ತೇ ಇದೆ. ಮುಂದಿನ ಕೋಣೆಯ ಕಾರ್ಪೆಟ್ ಮೇಲೆ ಭಾವ ಭಾವಮೈದ ಕೂತರೆಂದರೆ ಅರ್ಧ ಗಂಟೆಯಲ್ಲಿ ಜಗಳ.

"ನನ್ನ ಕಾಯಿ ಎಲ್ಲೋಯ್ತಯ್ಯ? ಈಗ ಇಲ್ಲಿತ್ತು."

"ಅಲ್ಲೇ ಅದಲ್ಲ ಭಾವಾ."

"ನೀನು ಸರಿಸಿದೀಯ."

"ನಾ ಯಾಕ ಸರಸಲಿ?"

"ಶಕುನಿ ಕೈಯಲ್ಲಿ ಕವಡೆ ಕೊಟ್ಟಿದ್ದು ನಂದೇ ತಪ್ಪು."

ಶಕುನಿಯ ದಾಳ ಅವನ ಅಪ್ಪನ ಎಲುಬಿನಿಂದ ಮಾಡಿದ್ದು ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಆ ಕಥೆಯನ್ನು ನಮ್ಮವರು ಎತ್ತುವರು; ಅದು ಮೂಲದಲ್ಲೇ ಇಲ್ಲ, ಆಮೇಲೆ ಸೇರಿದ್ದು ಎಂದು ಇವನು ವಾದಿಸುವನು. ನಾನು ಹುಣಸೆಹಣ್ಣು ಕಿವುಚುತ್ತ ಒಳಗಿನಿಂದ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ತಮ್ಮನೇ ಮೋಸ ಮಾಡುತ್ತಿದ್ದಾನೆ ಎಂದು ನನಗೂ ಅನಿಸಿತ್ತು. ನಮ್ಮವರು ಒಂದು ಆಟವನ್ನೂ ಗೆಲ್ಲುತ್ತಿರಲಿಲ್ಲ. ಡಾಕ್ಟರಿಕೆ ಓದಿದ ಮನುಷ್ಯ ಕವಡೆಯಾಟದಲ್ಲಿ ದಿನವೂ ಸೋಲುವುದೆಂದರೇನು?

ಜೂನ್ ತಿಂಗಳ ಒಂದು ಸಂಜೆ ಜಗಳ ನಿಂತಿತು.

ನಾನು ಕೈ ಒರೆಸಿಕೊಂಡು ಬಂದು ನೋಡಿದರೆ ಇಬ್ಬರೂ ಸುಮ್ಮನೆ ಕೂತಿದ್ದಾರೆ. ಕವಡೆಗಳು ನಡುವೆ ಬಿದ್ದಿವೆ. "ಯಾಕ್ರೀ, ಯಾರು ಗೆದ್ದರು?" ಎಂದೆ. "ಯಾರೂ ಇಲ್ಲ," ಎಂದರು ನಮ್ಮವರು. ಶ್ರೀಪಾದ ರಟ್ಟು ಮಡಚಿ ಸೋಫಾದ ಹಿಂದೆ ಇಟ್ಟ. ಅದು ಅಲ್ಲಿಂದ ಮತ್ತೆ ಹೊರಬರಲೇ ಇಲ್ಲ. ಮರುದಿನ ಬೆಳಿಗ್ಗೆ ನಮ್ಮವರು ಅವನಿಗೆ ತಾವೇ ಚಹ ಮಾಡಿಕೊಟ್ಟರು. "ಶ್ರೀಪಾದ, ಬಿಸ್ಕತ್ ಬೇಕೇನಪ್ಪ?" ಎಂದರು. ಶಕುನಿಮಾಮ ಎನ್ನಲಿಲ್ಲ.

ಮನೆಯಲ್ಲಿ ಜಗಳ ನಡೆಯುತ್ತಿದ್ದರೆ ನನಗೆ ನಿದ್ದೆ ಬರುತ್ತದೆ. ನಿಂತುಹೋದರೆ ಏನೋ ಆಗಿದೆ ಎಂದೇ ಅರ್ಥ.

ಅಲ್ಲಿಂದ ಶುರುವಾದವು ಮಂಗಳವಾರಗಳು. ಪ್ರತಿ ಮಂಗಳವಾರವೂ ಅಲ್ಲ. ಒಂದು ಬಿಟ್ಟು ಒಂದು, ಕೆಲವು ಸಲ ಎರಡು ಬಿಟ್ಟು. "ಸಿಟಿಯೊಳಗಿನ ಮ್ಯೂಸಿಯಮ್ಮಿಗೆ ಹೋಗಿ ಬರ್ತೀವಿ, ಗಾಂಧಾರದ ಕೋಣೆ ನೋಡಬೇಕು," ಎಂದು ಹೊರಡುವರು. ಮೊದಲ ಸಲ ಹೋದದ್ದು ನಿಜವಿರಬೇಕು. ಈ ಮೀಸೆಯ ಮಹಾಶಯ ಬಂದು ಫ್ರಿಜ್ಜಿಗೆ ಅಂಟಿಕೊಂಡದ್ದು ಆಗಲೇ. ಆದರೆ ಮದುವೆಯಾದಾಗಿನಿಂದ ನನ್ನನ್ನು ಒಂದೇ ಒಂದು ಮ್ಯೂಸಿಯಮ್ಮಿಗೂ ಕರೆದುಕೊಂಡು ಹೋಗದ ಮನುಷ್ಯ, ಭಾವಮೈದನ ಜೊತೆ ಒಂದೇ ಕೋಣೆಯ ಕಲ್ಲುಗಳನ್ನು ಮತ್ತೆ ಮತ್ತೆ ನೋಡುವುದೆಂದರೆ? "ನಾನೂ ಬರ್ತೀನಿ," ಎಂದೆ ಒಮ್ಮೆ. "ನಿನಗೆ ಕಾಲುನೋವು ಕಣೆ, ಅಲ್ಲಿ ಬರೀ ಮೆಟ್ಟಿಲು," ಎಂದರು. ನನಗೆ ಕಾಲುನೋವು ಇರಲಿಲ್ಲ.

ಸಂಜೆ ಮರಳುವಾಗ ನಮ್ಮವರ ಮುಖದ ಮೇಲೆ ಕಪ್ಪು ಕನ್ನಡಕ. ಲಂಡನ್ನಿನ ಮೋಡದ ಸಂಜೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬರುವವರನ್ನು ನಾನು ಸಿನಿಮಾದಲ್ಲಿ ಮಾತ್ರ ನೋಡಿದ್ದೆ, ಅದೂ ಒಳ್ಳೆಯವರ ಪಾತ್ರದಲ್ಲಿ ಅಲ್ಲ. ಅವತ್ತು ಪೇಪರ್ ಮುಟ್ಟುತ್ತಿರಲಿಲ್ಲ. ಟಿವಿಯ ಎದುರು ಕೂತು ಟಿವಿಯನ್ನು ಬಿಟ್ಟು ಬೇರೆಲ್ಲೋ ನೋಡುವರು.

ಆಮೇಲೆ ಕಾರಿನ ಮುಂದಿನ ಸೀಟು. ಅದು ನನ್ನದು. ಅದರ ಮುಂದಿನ ಖಾನೆಯಲ್ಲಿ ನನ್ನ ಏಲಕ್ಕಿ ಡಬ್ಬಿ, ಕೈಒರೆಸುವ ಬಟ್ಟೆ, ತರಕಾರಿ ಚೀಲಗಳು ಇರುತ್ತವೆ. ಒಂದು ದಿನ ವೆಂಬ್ಲಿಗೆ ತೊಗರಿಬೇಳೆ ತರಲು ಹೊರಟಾಗ ಶ್ರೀಪಾದ ಮುಂದೆ ಹೋಗಿ ಕೂತುಬಿಟ್ಟ. "ನನ್ನ ಕಾಲು ಉದ್ದ ಅಕ್ಕಾ, ಹಿಂದ ಹಿಡಸೂದಿಲ್ಲ." ಏಪ್ರಿಲ್‌ನಿಂದ ಜೂನ್‌ವರೆಗೆ ಹಿಡಿಸಿದ ಕಾಲುಗಳು. ಹಿಂದೆ ಕೂತು ನಾನು ಕೇಳಿಸಿಕೊಂಡದ್ದು ಇನ್ನೂ ವಿಚಿತ್ರ.

"ಭಾವಾ, ಎಡಕ್ಕ ಸೈಕಲ್ ಬಂತು."

"ಹ್ಞಾಂ, ನೋಡ್ದೆ."

"ಅಲ್ಲೊಬ್ಬಾಕಿ ಕೂಸಿನ ಗಾಡಿ ತಗೊಂಡು ನಿಂತಾಳ."

"ಗೊತ್ತಾಯ್ತು."

ಲೂನಾ ಕೂಡ ಓಡಿಸದ ಮನುಷ್ಯ ದಾರಿ ಹೇಳುತ್ತಿದ್ದಾನೆ. ನಾನು ಒಮ್ಮೆ 'ಮೆಲ್ಲಗೆ' ಎಂದರೆ ಸಾಕು, ಕಾರು ನಿಲ್ಲಿಸಿ ಕೀಲಿಕೈಯನ್ನು ನನ್ನ ಮಡಿಲಿಗೆ ಎಸೆಯುತ್ತಿದ್ದ ಮನುಷ್ಯ ಹೂಂಗುಡುತ್ತಿದ್ದಾನೆ. ಎರಡು ವಾರ ಕಳೆಯುವಷ್ಟರಲ್ಲಿ ಕಾರನ್ನು ಹೊರಗೆ ತೆಗೆಯುವುದೇ ನಿಂತಿತು. "ಟ್ಯೂಬ್ ರೈಲಲ್ಲಿ ಹೋಗೋಣ, ಪಾರ್ಕಿಂಗ್ ಕಷ್ಟ," ಎಂದರು. ಪಾರ್ಕಿಂಗ್ ಯಾವತ್ತು ಸುಲಭವಿತ್ತು?

ಒಂದು ಮಧ್ಯಾಹ್ನ ತೋಟದ ಬಾಗಿಲ ಬಳಿ ಬಟ್ಟೆ ತೆಗೆಯುತ್ತಿದ್ದೆ. ಒಳಗಿನಿಂದ ಶ್ರೀಪಾದನ ದನಿ: "ಅಕ್ಕಗ ಹೇಳ್ರಿ ಭಾವಾ."

"ಈಗ ಬೇಡ. ಪೂರ್ತಿ ಗೊತ್ತಾಗ್ಲಿ."

"ಆಮ್ಯಾಲೆ ಗೊತ್ತಾದ್ರ ಸುಮ್ಮನಿರೂದಿಲ್ಲ ಆಕಿ."

"ಅದಕ್ಕೇ ಹೇಳ್ತಿರೋದು, ಈಗ ಬೇಡ."

ಒಣಗಿದ ಟವೆಲ್ಲು ಕೈಯಲ್ಲಿ ಹಿಡಿದು ನಾನು ಅಲ್ಲೇ ನಿಂತೆ. ಪಕ್ಕದ ಮನೆಯ ಮುಂದೆ ಮಾರಾಟದ ಬೋರ್ಡು ನೆಟ್ಟು ಆಗ ಕೆಲವೇ ದಿನಗಳಾಗಿದ್ದವು. ಮನಸ್ಸು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ನಿವೃತ್ತಿಯಾದಾಗಿನಿಂದ ನಮ್ಮವರು ಮೈಸೂರಿನ ಮಾತು ಎತ್ತುತ್ತಿದ್ದರು: ಅಲ್ಲೊಂದು ಫ್ಲ್ಯಾಟು, ಬೆಳಗಿನ ವಾಕಿಂಗು, ಆಳುಕಾಳು. ನಾನು ಒಪ್ಪಿರಲಿಲ್ಲ. ಈ ಮನೆ ನಾನು ಕಟ್ಟಿಕೊಂಡದ್ದು. ಇಲ್ಲಿನ ಮೆಂತ್ಯದ ಪಾತಿ, ಬಿಸಿಲು ಬೀಳುವ ಅಡಿಗೆ ಮನೆಯ ಕಿಟಕಿ, ಬಾಗಿಲು ಬಡಿಯದೆ ಒಳಗೆ ಬರುವ ಎದುರುಮನೆಯ ಗುಜರಾತಿ ಅಕ್ಕ, ಇವೆಲ್ಲವೂ ನನಗೆ ಒಂದೊಂದಾಗಿ ಸಿಕ್ಕಿದ್ದು. ಅಕ್ಕನ ಮನೆಗೆ ಬಂದ ತಮ್ಮ ಭಾವನ ಕಿವಿಯಲ್ಲಿ ಏನೋ ಊದಿ ಆ ಮನೆಯನ್ನೇ ಮಾರಿಸಲು ಹೊರಟಿದ್ದಾನೆ ಎಂದು ನಾನು ತೀರ್ಮಾನಿಸಿದೆ.

ಮನೆ ಹೋದರೆ ಹೋಗಲಿ ಎಂದಾದರೂ ಅಂದುಕೊಳ್ಳಬಹುದು. ಆದರೆ ಇವರಿಬ್ಬರು? ಒಬ್ಬನನ್ನು ನಾನೇ ಎತ್ತಿ ಆಡಿಸಿದ್ದೇನೆ. ಇನ್ನೊಬ್ಬರ ಕೆಮ್ಮು ಕೇಳಿದರೆ ಯಾವ ಕೋಣೆಯಲ್ಲಿದ್ದಾರೆ, ಯಾವ ಶಾಲು ಹೊದ್ದಿದ್ದಾರೆ ಎಂದು ಹೇಳಬಲ್ಲೆ. ಆ ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ಬಾಗಿಲು ಹಾಕಿಕೊಂಡರೆ ನಾನು ಯಾರ ಹತ್ತಿರ ಹೋಗಿ ಹೇಳಲಿ? ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ, ಯು ಸಸ್ಪೆಕ್ಟ್ ಎವರಿಬಡಿ," ಎಂದಳು. ಅವಳ ದನಿಯೂ ನನಗೆ ಸರಿಯೆನಿಸಲಿಲ್ಲ.

ಚಾಣಕ್ಯನಿಗೆ ಗೂಢಚಾರರಿದ್ದರು. ನನಗೆ ಇರುವುದು ಜುಬಿಲಿ ಲೈನಿನ ಟ್ಯೂಬ್ ರೈಲು. ಮುಂದಿನ ಮಂಗಳವಾರ ಅವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಕೋಟು ಹಾಕಿಕೊಂಡು ಹೊರಟೆ. ನಡುವೆ ಒಂದು ಕಡೆ ಇಳಿದು ರೈಲು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಮ್ಯೂಸಿಯಮ್ಮು ಮುಟ್ಟಿದೆ. ಮೆಟ್ಟಿಲೇನೋ ಇದ್ದವು, ಅಷ್ಟು ಮಾತ್ರ ಸುಳ್ಳು ಹೇಳಿರಲಿಲ್ಲ. ಕಂಬದ ಹಿಂದೆ ನಿಂತು ನೋಡುವುದು, ಇಬ್ಬರೂ ಯಾರ ಜೊತೆ ಮಾತಾಡುತ್ತಾರೆ ಎಂದು ತಿಳಿಯುವುದು, ಆಮೇಲೆ ಎದುರಿಗೆ ಹೋಗಿ ನಿಲ್ಲುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೋಗಿ ನೋಡಿದರೆ ಗಾಂಧಾರದ ಮೂರ್ತಿಗಳಿರುವ ಭಾಗಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಒಳಗೆ ದೀಪವಿಲ್ಲ.

"ಅದು ಹೋದ ವಾರದಿಂದ ಮುಚ್ಚಿದೆ, ಲವ್. ರಿಪೇರಿ ನಡೀತಿದೆ," ಎಂದ ಅಲ್ಲಿದ್ದ ಕಾವಲುಗಾರ. ಇಲ್ಲಿನವರಿಗೆ ಅಪರಿಚಿತರೂ ಲವ್.

ಹಗ್ಗದ ಆಚೆ ಅರೆಗತ್ತಲಲ್ಲಿ ಯಾರದೋ ಕಲ್ಲಿನ ಭುಜ, ಮಡಿಕೆ ಮಡಿಕೆಯಾಗಿ ಇಳಿದ ವಸ್ತ್ರ ಕಂಡಂತಾಯಿತು. ಮುಖ ಕಾಣಲಿಲ್ಲ. ನಾನು ಅಲ್ಲಿನ ಬೆಂಚಿನ ಮೇಲೆ ಕೂತು ತಂದಿದ್ದ ಚಕ್ಕುಲಿ ತಿಂದೆ. ತಿನ್ನಬಾರದೆಂದು ಬೋರ್ಡಿತ್ತು. ಅವತ್ತು ನನಗೆ ಯಾವ ಬೋರ್ಡಿನ ಮೇಲೂ ಗೌರವವಿರಲಿಲ್ಲ.

ಸಂಜೆ ಅವಲಕ್ಕಿ ಒಗ್ಗರಣೆ ಹಾಕಿ, ಚಹ ಇಟ್ಟು ಕಾದೆ. ಬಂದರು. ಕಪ್ಪು ಕನ್ನಡಕ. ಕೂತರು.

"ಇವತ್ತೂ ಮ್ಯೂಸಿಯಮ್ಮೇನು?" ಎಂದೆ ತಮ್ಮನಿಗೆ.

"ಹೂಂ ಅಕ್ಕಾ."

"ಮೀಸಿ ಬೋಧಿಸತ್ವ ಹೆಂಗಿದ್ದ?"

"ಹಂಗ ಇದ್ದ. ನಕ್ಕೋತ."

"ಮಂದಿ ಇತ್ತೇನು ಭಾಳ?"

ಇತಿಹಾಸದ ಮೇಷ್ಟ್ರು ಸುಳ್ಳು ಹೇಳಿದರೆ ಅದಕ್ಕೆ ಆಧಾರವನ್ನೂ ಒದಗಿಸುತ್ತಾರೆ. "ಸಾಲಿ ಹುಡುಗರದ್ದೊಂದು ಗುಂಪು ಬಂದಿತ್ತು. ಒಂದು ಹುಡುಗಿ ಟೀಚರ್‌ಗೆ ಕೇಳ್ತು, ದೇವರಿಗೆ ಮೀಸಿ ಯಾಕ ಅಂತ. ಪಾಪ, ಟೀಚರ್‌ಗ ಏನ್ ಹೇಳಬೇಕು ತಿಳೀಲಿಲ್ಲ. ನಾನ ಹೋಗಿ ಹೇಳಿದೆ."

"ತುಂಬ ಗಲಾಟೆ," ಎಂದರು ನಮ್ಮವರು, ಅವಲಕ್ಕಿ ಕಡೆ ನೋಡುತ್ತ.

"ಹೌದಾ," ಎಂದೆ. "ನಾನೂ ಅಲ್ಲೇ ಇದ್ದೆ. ಹಗ್ಗ ಕಟ್ಟಿದ್ದರು. ಹೋದ ವಾರದಿಂದ ಒಳಗೆ ಒಂದು ನೊಣಕ್ಕೂ ಪ್ರವೇಶವಿಲ್ಲವಂತೆ."

ಶ್ರೀಪಾದ ಚಮಚ ಕೆಳಗಿಟ್ಟ. ನಮ್ಮವರು ಚಹದ ಲೋಟಕ್ಕೆ ಕೈ ಚಾಚಿದರು. ಕೈ ಲೋಟದ ಪಕ್ಕಕ್ಕೆ ತಗುಲಿ ಲೋಟ ಉರುಳಿತು. ಭಯಕ್ಕೆ ಕೈ ನಡುಗಿದೆ ಎಂದುಕೊಂಡೆ. ಸಿಕ್ಕಿಬಿದ್ದವರಿಗೆ ಹಾಗೆ ಆಗುತ್ತದೆ.

"ಯಾರಿಗೆ ಮಾರ್ತಿದ್ದೀರಿ ಮನೇನ?" ಎಂದೆ.

"ಮನೇನ?" ಅವರು ಕನ್ನಡಕ ತೆಗೆದರು. ಕಣ್ಣಿನ ಕಪ್ಪು ಗುಡ್ಡೆ ಪೂರ್ತಿ ಹಿಗ್ಗಿತ್ತು, ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿದರು. "ಮನೆ ಅಲ್ಲ ಕಣೆ ಸುಧಾ. ನನ್ನ ಕಣ್ಣು ಹೋಗ್ತಿದೆ."

ಅದನ್ನು ಅವರು ಹೇಳಿದ್ದು ಯಾರದೋ ಮಗುವಿನ ಜ್ವರದ ವಿಷಯ ಹೇಳುವ ದನಿಯಲ್ಲಿ. ಗ್ಲಾಕೋಮಾ. ಎರಡೂ ಕಣ್ಣಿಗೆ. ನಡುವಿನದು ಚೆನ್ನಾಗಿಯೇ ಕಾಣುತ್ತದೆ. ಎಡಗಡೆ, ಕೆಳಗೆ, ಅಂಚಿನಲ್ಲಿ ಇಲ್ಲ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ಮಂಗಳವಾರ ಹೋಗುತ್ತಿದ್ದದ್ದು ಕಣ್ಣಿನ ಆಸ್ಪತ್ರೆಗೆ. ಪರೀಕ್ಷೆಗೆಂದು ಹಾಕಿದ ಹನಿಯಿಂದ ಬೆಳಕು ಚುಚ್ಚುತ್ತದೆಂದು ಕಪ್ಪು ಕನ್ನಡಕ.

"ನಿನಗ ಹೆಂಗ ಗೊತ್ತಾತು?" ಎಂದು ತಮ್ಮನನ್ನು ಕೇಳಿದೆ.

"ಚೌಕಾಬಾರದಾಗ, ಅಕ್ಕಾ. ಕಾಯಿ ಕಾಣಸೂದಿಲ್ಲ ಅಂತಿದ್ರಲ್ಲ, ನನಗ ಅದು ನಾಟಕ ಅನಸ್ತಿತ್ತು. ಒಂದಿನ ಭಾವಗ ಚೌಕ ಬಿತ್ತು. ನಾಲ್ಕೂ ಬಾಯಿ ತಗದು ಬಿದ್ದಾವ. ಅವರು ಮೂರು ಅಂದ್ರು. ಮತ್ತೊಮ್ಮೆ ಬಿತ್ತು, ಮತ್ತ ಮೂರು ಅಂದ್ರು. ಮೋಸ ಮಾಡಾವ್ರು ತಮ್ಮ ಕಡೆ ಮಾಡ್ಕೋತಾರ. ತನಗ ಲುಕ್ಸಾನ ಆಗೂಹಂಗ ಯಾರು ಎಣಸ್ತಾರ?"

ನಾನು ಒಳಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ನನಗೆ ಕೇಳಿಸಿದ್ದು ಮೋಸ. ಸಕ್ಕರೆಯ ಮೇಲಿನ ಗೆರೆ ಕಾಯುವ ನಾನು, ಗಂಡ ಎಡಗಡೆಯ ಬಾಗಿಲಿಗೆ ಭುಜ ತಾಗಿಸಿಕೊಳ್ಳುವುದನ್ನು, ಮೆಟ್ಟಿಲಿಳಿಯುವಾಗ ಕೊನೆಯದರ ಹತ್ತಿರ ತಡೆಯುವುದನ್ನು ದಿನವೂ ನೋಡಿ, ನೆನಪಿಟ್ಟು, ಎಲ್ಲವನ್ನೂ ಮನೆ ಮಾರಾಟದ ಖಾತೆಗೆ ಹಾಕಿಕೊಂಡಿದ್ದೆ.

ಸಿಟ್ಟು ಬಂದದ್ದು ಆಮೇಲೆ. ಬಂದಾಗ ಮೊದಲು ಬಂದದ್ದು ಕಾರಿಗಾಗಿ. "ಎರಡು ವಾರ ಓಡಿಸಿದ್ರಿ. ಕೂಸಿನ ಗಾಡಿ ಹಿಡಕೊಂಡು ನಿಂತವಳನ್ನು ಇವನು ತೋರಿಸಬೇಕಾಗಿತ್ತು. ಇವನಿಗೆ ಸೀನು ಬಂದಿದ್ರೆ?" ಎಂದೆ. ನಮ್ಮವರು ತಲೆ ತಗ್ಗಿಸಿದರು. ಕೊನೆಗೆ ಕೀಲಿಕೈ ಕಸಿದುಕೊಂಡದ್ದು ತಾನೇ ಎಂದು ಶ್ರೀಪಾದ ಗೊಣಗಿದ. ಲೈಸೆನ್ಸಿನವರಿಗೆ ತಿಳಿಸಿ ಆಗಿದೆ, ಇನ್ನು ಓಡಿಸಬಹುದೋ ಇಲ್ಲವೋ ಎಂದು ಆಸ್ಪತ್ರೆಯ ಕೊನೆಯ ಪರೀಕ್ಷೆ ನೋಡಿ ಅವರು ಹೇಳುತ್ತಾರೆ ಎಂದರು ನಮ್ಮವರು.

"ಗಾಂಧಾರಿ ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಳು," ಎಂದೆ ತಮ್ಮನಿಗೆ. "ನನಗೆ ನೀವಿಬ್ಬರೂ ಸೇರಿ ಕಟ್ಟಿದ್ರಿ. ಅಷ್ಟು ಓದೀಯಲ್ಲ, ಇದು ಯಾವ ಗ್ರಂಥದಾಗ ಅದ ಹೇಳು."

ಗಾಂಧಾರದ ಬಗ್ಗೆ ಅವನು ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನನಗ್ಯಾಕೆ ಹೇಳಲಿಲ್ಲ?" ಎಂದು ನಮ್ಮವರನ್ನು ಕೇಳಿದೆ.

"ಹೇಳಿದ್ರೆ ನೀನು ನೋಡ್ತಾನೇ ಇರ್ತೀಯ ಸುಧಾ. ನಾನು ಲೋಟ ಎತ್ತಿದ್ರೆ ನೋಡ್ತೀಯ, ಚಪ್ಪಲಿ ಹುಡುಕಿದ್ರೆ ನೋಡ್ತೀಯ. ಕಾಣ್ತು ಅಂದ್ರೆ ನಂಬಲ್ಲ, ಕಾಣಲಿಲ್ಲ ಅಂದ್ರೂ ನಂಬಲ್ಲ. ಇನ್ನೊಂದು ಸ್ವಲ್ಪ ದಿನ ಯಾರೂ ನೋಡದೆ ಇರೋಣ ಅನ್ನಿಸ್ತು."

ಬಟ್ಟೆ ತಂದು 'ಚೆಲ್ಲಿದ ಚಹ ಒರೆಸ್ರಿ' ಎಂದು ಅವರ ಕೈಗೇ ಕೊಟ್ಟೆ. ಅವರು ಒರೆಸಿದರು. ಎಡಗಡೆ ಒಂದಿಷ್ಟು ಉಳಿಯಿತು. ನಾನು ನೋಡಿದೆ. ನೋಡಿದ್ದು ಅವರಿಗೂ ಗೊತ್ತಾಯಿತು.

ಮಾರನೆಯ ವಾರದ ಪರೀಕ್ಷೆಗೆ ಜೊತೆಗೆ ಹೋದದ್ದು ನಾನು. ಶ್ರೀಪಾದನಿಗೆ ಮನೆಯಲ್ಲಿ ಹುಳಿ ನೋಡಿಕೊಳ್ಳಲು ಹೇಳಿದೆ. "ಸಕ್ಕರಿಗೆ ಗೆರಿ ಎಳದ ಹೋಗ್ತೀಯೋ?" ಎಂದ. "ಎಳದಾಗೇದ," ಎಂದೆ. ಟ್ಯೂಬಿನಲ್ಲಿ ನಮ್ಮವರನ್ನು ಬಲಗಡೆ ಕೂರಿಸಿಕೊಂಡು ನಾನು ಅವರ ಎಡಕ್ಕೆ ಕೂತೆ.

"ಹೋದ ಸಲದ ಟೆಸ್ಟು ಸರಿ ಬಂದಿಲ್ಲ, ಅದಕ್ಕೇ ಮತ್ತೆ ಕರೆದಿದ್ದಾರೆ. ಆ ಮಿಷನ್ನೇ ಸರಿ ಇಲ್ಲ," ಎಂದರು ದಾರಿಯಲ್ಲಿ.

"ಮಿಷನ್ನಿಗೇನಾಗಿದೆ?"

"ಏನೋ. ಹಳೇದು."

ಮಿಷನ್ನು ನೋಡಿದರೆ ಹೊಸದೇ ಇತ್ತು. ಕಿಟಕಿ ಇಲ್ಲದ ಚಿಕ್ಕ ಕೋಣೆ. ದೊಡ್ಡ ಬಿಳಿ ಬೋಗುಣಿಯನ್ನು ಅಡ್ಡಲಾಗಿ ಇಟ್ಟಂಥ ಯಂತ್ರ; ಅದರೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕು ಮಿನುಗಿ ಹೋಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವವಳು ನನ್ನದೇ ವಯಸ್ಸಿನ ಹೆಂಗಸು, ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದಿದ್ದಳು. ನಮ್ಮವರ ಒಂದು ಕಣ್ಣಿಗೆ ಬಿಳಿ ಪಟ್ಟಿ ಅಂಟಿಸಿದಳು. ನನಗೆ ಮೂಲೆಯಲ್ಲೊಂದು ಕುರ್ಚಿ ತೋರಿಸಿ ದೀಪ ಆರಿಸಿದಳು.

ಬೋಗುಣಿಯೊಳಗೆ ಏನಾಗುತ್ತಿದೆ ಎಂಬುದು ನನಗೆ ಕಾಣುವ ಹಾಗಿರಲಿಲ್ಲ. ಗುಂಡಿಯ ಸದ್ದು ಮಾತ್ರ. ಟಿಕ್. ಟಿಕ್. ಟಿಕ್. ಸ್ವಲ್ಪ ಹೊತ್ತು ಕೇಳಿದೆ. ಆಮೇಲೆ ನನ್ನ ಹಳೆಯ ರೋಗ ಕಿವಿ ನೆಟ್ಟಗೆ ಮಾಡಿತು. ಸದ್ದು ಬಹಳ ಸಮವಾಗಿತ್ತು. ಗೋಡೆ ಗಡಿಯಾರದ ಹಾಗೆ, ತಾಳ ಹಾಕುವವರ ಹಾಗೆ. ಅಲ್ಲೊಂದು ಇಲ್ಲೊಂದು ಬೆಳಕು ಕಾಣದ ಮನುಷ್ಯನ ಬೆರಳು ಇಷ್ಟು ಸಮವಾಗಿ ಬೀಳಲು ಸಾಧ್ಯವೇ? ಯಂತ್ರ ಎಷ್ಟು ಹೊತ್ತಿಗೊಮ್ಮೆ ಬೆಳಕು ಬಿಡುತ್ತದೆಂದು ಅವರು ಕಲಿತುಕೊಂಡುಬಿಟ್ಟಿದ್ದರು. ಕಂಡರೂ ಒತ್ತುತ್ತಿದ್ದರು, ಕಾಣದಿದ್ದರೂ ಒತ್ತುತ್ತಿದ್ದರು. ಜೀವನವಿಡೀ ಬೇರೆಯವರ ಮಕ್ಕಳಿಗೆ 'ಎಲ್ಲಿ ನೋಯುತ್ತೆ, ನಿಜ ಹೇಳು ಪುಟ್ಟಾ' ಎಂದ ಮನುಷ್ಯ.

ಆಕೆ ಯಂತ್ರ ನಿಲ್ಲಿಸಿದಳು. "ಡಾಕ್ಟರ್, ನೀವು ಸ್ವಲ್ಪ ಜಾಸ್ತಿ ಒತ್ತುತ್ತಿದ್ದೀರಿ. ಬೆಳಕೇ ಇಲ್ಲದಾಗಲೂ. ಮತ್ತೆ ಮೊದಲಿನಿಂದ ಮಾಡೋಣವೇ?"

"ಸಾರಿ," ಎಂದರು ನಮ್ಮವರು. ಬೋಗುಣಿಯಿಂದ ಮುಖ ತೆಗೆಯಲಿಲ್ಲ.

ಆಕೆಗೆ ಕನ್ನಡ ಬರುವುದಿಲ್ಲ. ಆ ಕತ್ತಲೆ ಕೋಣೆಯಲ್ಲಿ ಅದು ನಮ್ಮಿಬ್ಬರದ್ದೇ ಭಾಷೆ. ನಾನು ಕೂತಲ್ಲಿಂದಲೇ ಹೇಳಿದೆ: "ರೀ, ಕಾಣದಿದ್ರೆ ಒತ್ತಬೇಡ್ರಿ. ಇಲ್ಲಿ ನಾನೊಬ್ಬಳೇ ಇದ್ದೀನಿ."

ಅವರ ಬೆನ್ನು ಒಮ್ಮೆ ಬಿಗಿಯಾಯಿತು. ಆಮೇಲೆ ಭುಜಗಳು ಮೆಲ್ಲಗೆ ಕೆಳಗಿಳಿದವು.

ಯಂತ್ರ ಮತ್ತೆ ಶುರುವಾಯಿತು. ಟಿಕ್. ಟಿಕ್. ನಂತರ ಏನೂ ಇಲ್ಲ. ಒಂದು ಟಿಕ್. ಮತ್ತೆ ಏನೂ ಇಲ್ಲ. ಆ ಮೌನ ಎಷ್ಟು ಅಗಲವಿತ್ತೋ ಅಷ್ಟೂ ಅವರಿಗೆ ಕಾಣದ ಜಾಗ ಎಂದು ನನಗೆ ತಿಳಿಯುತ್ತಿತ್ತು. ನಾನು ಅಂದುಕೊಂಡದ್ದಕ್ಕಿಂತ ಅದು ದೊಡ್ಡದಿತ್ತು. ಗುಂಡಿಯ ಮೇಲಿನ ಅವರ ಬೆರಳು ಸುಮ್ಮನೆ ಕಾಯುತ್ತಿತ್ತು.

"ಹಾಗೇ, ಡಾಕ್ಟರ್," ಎಂದಳು ಆಕೆ ಪರದೆಯನ್ನು ನೋಡುತ್ತ. "ಈಗ ಸರಿಯಾಗಿ ಮಾಡುತ್ತಿದ್ದೀರಿ."